ಊರು ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಐಟಿಐ, ಡಿಪ್ಲೊಮಾ, ಬಿ.ಇ. ಮುಗಿಸಿ ಹೊರಬರುತ್ತಿರುವ ಗೆಳೆಯರೇ, ನಿಮ್ಮ ಮುಂದಿರುವ ಕೆಲಸ ಅವೆರಡಕ್ಕಿಂತ ದೊಡ್ಡದು: ಊರು ಕಟ್ಟಿ ನೋಡುವುದು. ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡಿನ ಲೆಕ್ಕವನ್ನು ಕಾಲೇಜು ಕಲಿಸುತ್ತದೆ. ಕಟ್ಟಿ ಮುಗಿಸಿದ ಮೇಲೆ ಊರಿಗೆ ಏನು ಉಳಿಯಿತು ಎಂಬ ಲೆಕ್ಕ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ಅದನ್ನು ಕಲಿಯಬೇಕೆಂದರೆ ಚಾಮರಾಜನಗರ ದಾಟಿ, ದಿಂಬಂ ಘಾಟಿ ಇಳಿದು, ಕೊಯಮತ್ತೂರು–ತಿರುಪ್ಪೂರು ಸೀಮೆಗೆ ಬನ್ನಿ. ಅದೇನೂ ನಮಗೆ ಹೊರಗಿನ ಊರಲ್ಲ. ಅಲ್ಲಿನ ಸಿರುಮುಗೈಯ ದೇವಾಂಗ ನೇಕಾರರ ಮನೆಗಳಲ್ಲಿ ಮಗ್ಗದ ಸದ್ದಿನ ಜೊತೆ ಇಂದಿಗೂ ಕನ್ನಡ ಕೇಳುತ್ತದೆ.

ಮೊದಲ ಪಾಠ ಕಹಿ. ನೊಯ್ಯಲ್ ನದಿ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕೊಯಮತ್ತೂರಿನ ಕೆರೆಗಳನ್ನು ತುಂಬಿಸಿ, ತಿರುಪ್ಪೂರು ಹಾದು ಕಾವೇರಿ ಸೇರುತ್ತದೆ. ತಿರುಪ್ಪೂರಿನ ಕೆಳಗೆ, ಒರತ್ತುಪಾಳಯಂನಲ್ಲಿ, 1992ರಲ್ಲಿ ಒಂದು ಅಣೆಕಟ್ಟು ಎದ್ದಿತು. ರೈತರ ಹೊಲಕ್ಕೆ ನೀರು ಕೊಡುವುದು ಅದರ ಉದ್ದೇಶ. ಆದರೆ ನದಿಯ ಮೇಲ್ಗಡೆ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ನೂರಾರು ಘಟಕಗಳಿದ್ದವು. ಅವು ಬಿಟ್ಟ ಉಪ್ಪು, ರಾಸಾಯನಿಕದ ನೀರೆಲ್ಲ ಬಂದು ಅಣೆಕಟ್ಟಿನಲ್ಲಿ ನಿಂತಿತು. ಸುತ್ತಲಿನ ಬಾವಿಗಳು ಕೆಟ್ಟವು, ನೆಲ ಉಪ್ಪಾಯಿತು. ನೀರಿಗಾಗಿ ಕಾದು ಕೂತಿದ್ದ ರೈತರೇ, ಇಲ್ಲಿ ನೀರು ನಿಲ್ಲಿಸಬೇಡಿ ಸ್ವಾಮಿ ಎನ್ನುವಂತಾಯಿತು. ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಡೈಯಿಂಗ್ ಘಟಕಗಳಿಗೆ ಬೀಗ ಹಾಕಿಸಿತು. ಕೊಳಚೆ ನೀರನ್ನು ಹೊರಗೆ ಬಿಡದೆ, ಶುದ್ಧಮಾಡಿ ಮತ್ತೆ ಬಳಸುವ ಏರ್ಪಾಡು ಮಾಡಿಕೊಂಡವರಷ್ಟೇ ಮತ್ತೆ ಬಾಗಿಲು ತೆರೆದರು. ಆ ಏರ್ಪಾಡನ್ನು ಅಣೆಕಟ್ಟಿಗಿಂತ ಮೊದಲೇ ಕಟ್ಟಿದ್ದರೆ ರೈತರಿಗೆ ನೀರು ಸಿಗುತ್ತಿತ್ತು, ಕಾರ್ಮಿಕರ ಕೂಲಿಯೂ ಉಳಿಯುತ್ತಿತ್ತು. ನಾಳೆ ನೀವು ಯಾವುದೇ ನಕ್ಷೆಗೆ ಸಹಿ ಹಾಕುವಾಗ ಈ ಅಣೆಕಟ್ಟು ನೆನಪಿರಲಿ. ಮೇಲ್ಗಡೆ ಏನಿದೆ, ಕೆಳಗಡೆ ಯಾರಿದ್ದಾರೆ ಎಂದು ನೋಡದೆ ಹಾಕಿದ ಕಾಂಕ್ರೀಟು ಎಷ್ಟು ಗಟ್ಟಿಯಾಗಿದ್ದರೂ ದಂಡ.

ಇನ್ನು ಸಿಹಿ ಪಾಠ. ಮೇಟ್ಟುಪಾಳಯಂ ಬಳಿ, ನೀಲಗಿರಿಯ ಬುಡದಲ್ಲಿ, ಓಡಂದುರೈ ಎಂಬ ಪಂಚಾಯಿತಿ ಇದೆ. 1996ರಲ್ಲಿ ಆರ್. ಷಣ್ಮುಗಂ ಅಧ್ಯಕ್ಷರಾದಾಗ ಅಲ್ಲಿನ ಬಡವರಿಗೆ ಸರಿಯಾದ ಸೂರೂ ಇರಲಿಲ್ಲ, ನೀರೂ ಇರಲಿಲ್ಲ. ಪಂಚಾಯಿತಿ ಸರ್ಕಾರಿ ಯೋಜನೆಗಳನ್ನು ಹಿಡಿದು ಸುಮಾರು 850 ಪಕ್ಕಾ ಮನೆಗಳನ್ನು ಕಟ್ಟಿಸಿತು, ಕುಡಿಯುವ ನೀರು ತಂದಿತು. ನೀರು ಬಂತು, ಬೀದಿದೀಪ ಬಂತು, ಅವುಗಳ ಬೆನ್ನಿಗೇ ಕರೆಂಟ್ ಬಿಲ್ಲೂ ಏರಿತು. ಬೇರೆ ಊರಾಗಿದ್ದರೆ ದೀಪ ಆರಿಸಿ ಕೂರುತ್ತಿತ್ತು. ಓಡಂದುರೈ ಮೊದಲು ಕಟ್ಟಿಗೆಯ ಚೂರಿನಿಂದ ನಡೆಯುವ 9 ಕಿಲೋವಾಟಿನ ಯಂತ್ರ ಇಟ್ಟು ನೀರು ಎತ್ತಿತು. ಆಮೇಲೆ 2006ರಲ್ಲಿ, ಗಾಳಿ ಚೆನ್ನಾಗಿ ಬೀಸುವ ಉಡುಮಲೈ ಸೀಮೆಯಲ್ಲಿ 350 ಕಿಲೋವಾಟಿನ ಸ್ವಂತ ಗಾಳಿಯಂತ್ರ ನಿಲ್ಲಿಸಿತು. ಖರ್ಚು 1.55 ಕೋಟಿ ರೂಪಾಯಿ. ಅದರಲ್ಲಿ 40 ಲಕ್ಷ ಪಂಚಾಯಿತಿಯ ಉಳಿತಾಯ, 1.15 ಕೋಟಿ ಬ್ಯಾಂಕ್ ಸಾಲ. ಊರು ಬಳಸಿ ಮಿಕ್ಕ ಕರೆಂಟನ್ನು ವಿದ್ಯುತ್ ಮಂಡಳಿಗೆ ಮಾರಿದರು, ಆ ದುಡ್ಡಲ್ಲೇ ಸಾಲದ ಕಂತು ಕಟ್ಟಿದರು. ಯಾವ ದಾನಿಯೂ ಬಂದು ಟೇಪು ಕತ್ತರಿಸಲಿಲ್ಲ. ಒಂದು ಗ್ರಾಮ ಪಂಚಾಯಿತಿ ಬ್ಯಾಂಕಿನ ಮುಂದೆ ತಲೆಯೆತ್ತಿ ಕೂತು, ಲೆಕ್ಕ ಒಪ್ಪಿಸಿ, ಸಾಲ ಎತ್ತಿ ಕಟ್ಟಿದ ಕೆಲಸ ಇದು.

ಊರು ಕಟ್ಟುವುದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಹಟ. ಅತ್ತಿಕಡವು–ಅವಿನಾಶಿ ಯೋಜನೆಯ ಕತೆ ಕೇಳಿ. ಭವಾನಿ ನದಿಯಲ್ಲಿ ಹರಿದುಹೋಗುವ ಹೆಚ್ಚುವರಿ ನೀರನ್ನು ನಮ್ಮ ಬತ್ತಿದ ಕೆರೆಗಳಿಗೆ ತನ್ನಿ ಎಂದು ಆ ಸೀಮೆಯ ಜನ ಅರವತ್ತು ವರ್ಷ ಕೇಳಿದರು. ಅಜ್ಜ ಅರ್ಜಿ ಕೊಟ್ಟ, ಅಪ್ಪ ಧರಣಿ ಕೂತ, 2016ರಲ್ಲಿ ಮಕ್ಕಳ ಕಾಲಕ್ಕೆ ಅವಿನಾಶಿಯಲ್ಲಿ ಉಪವಾಸವೇ ನಡೆಯಿತು. 2019ರಲ್ಲಿ ಅಡಿಗಲ್ಲು ಬಿತ್ತು. 2024ರ ಆಗಸ್ಟ್ 17ರಂದು ಉದ್ಘಾಟನೆಯಾಯಿತು. 1,900 ಕೋಟಿಗೂ ಮಿಕ್ಕಿದ ವೆಚ್ಚ, ಆರು ಪಂಪಿಂಗ್ ಸ್ಟೇಷನ್, ಸಾವಿರ ಕಿಲೋಮೀಟರಿಗೂ ಹೆಚ್ಚು ಕೊಳವೆ. ಕಾಲಿಂಗರಾಯನ್ ಅಣೆಕಟ್ಟಿನ ಕೆಳಗಿನಿಂದ ನೀರೆತ್ತಿ ಈರೋಡು, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ಹರಿಸುವ ಕೆಲಸ ಅದು. ಕೆರೆ ತುಂಬಿದರೆ ಬಾವಿ ಏರುತ್ತದೆ, ಬಾವಿ ಏರಿದರೆ ಮೇವು, ಮೇವಿದ್ದರೆ ಹಟ್ಟಿಯಲ್ಲಿ ದನ. ಒಂದು ಕಾಮಗಾರಿಯ ಬೆಲೆಯನ್ನು ಅಳೆಯಬೇಕಾದದ್ದು ಇಲ್ಲಿ, ಬಿಲ್ ಪಾಸಾಗುವ ಮೇಜಿನಲ್ಲಲ್ಲ.

ಕಟ್ಟುವ ಕೈಗಳನ್ನೂ ಮರೆಯಬೇಡಿ. ಆ ಊರುಗಳಲ್ಲಿ ಗಾರೆಯವನನ್ನು ಕೊತ್ತನಾರ್ ಎನ್ನುತ್ತಾರೆ, ಬಾಂಡಲಿ ಹೊರುವ ಹೆಂಗಸನ್ನು ಸಿತ್ತಾಳ್ ಎನ್ನುತ್ತಾರೆ. ಈಗ ಬಿಹಾರ, ಒಡಿಶಾದ ಹುಡುಗರೂ ಅವರ ಜೊತೆಗಿದ್ದಾರೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕು ಎಂದು ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲೇ ಹೇಳಿತು. ಕಾಮಗಾರಿ ವೆಚ್ಚದ ಶೇಕಡಾ ಒಂದರಷ್ಟು ಸೆಸ್ಸು ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಆ ನಿಧಿಯಿಂದ ಮಗುವಿನ ಓದಿಗೆ, ಬಾಣಂತನಕ್ಕೆ, ಅಪಘಾತಕ್ಕೆ ಹಣ ಬರಬೇಕೆಂದರೆ ಹೆಸರು ನೋಂದಣಿಯಾಗಿರಬೇಕು. ಸೈಟ್ ಎಂಜಿನಿಯರ್ ಆದ ಮೊದಲ ತಿಂಗಳೇ ಈ ಕೆಲಸ ಮಾಡಿ: ನಿಮ್ಮ ಕೆಳಗೆ ದುಡಿಯುವ ಒಬ್ಬೊಬ್ಬರನ್ನೂ ಕೂರಿಸಿ, ಕಾಗದಪತ್ರ ನೋಡಿ, ಅರ್ಜಿ ತುಂಬಿಸಿ. ಹುಷಾರಿರುವ ಹುಡುಗಿ ಇಟ್ಟಿಗೆ ಹೊರುತ್ತಿದ್ದರೆ ಅವಳ ಕೈಗೆ ಕರಣೆ ಕೊಡಿ, ತೂಕದ ಗುಂಡು ಹಿಡಿಯುವುದನ್ನು ಕಲಿಸಿ. ಕಟ್ಟಡ ಮುಗಿಯುವ ಹೊತ್ತಿಗೆ ಅವಳು ಮೇಸ್ತ್ರಿಯಾಗಿದ್ದರೆ ಆ ಕಟ್ಟಡ ಎರಡು ಸಲ ಎದ್ದ ಹಾಗೆ.

ನಮಗೆ ಅಧಿಕಾರ ಎಲ್ಲಿದೆ ಎನ್ನಬೇಡಿ. ತಮಿಳುನಾಡಿನಲ್ಲಿ ‘ನಮಕ್ಕು ನಾಮೇ’ ಎಂಬ ಯೋಜನೆ ಇದೆ. ಜನ ಮೂರರಲ್ಲೊಂದು ಪಾಲು ಹಾಕಿದರೆ ಉಳಿದದ್ದನ್ನು ಸರ್ಕಾರ ಹಾಕಿ ಶಾಲೆ ಕೋಣೆಯನ್ನೋ ಪಾರ್ಕನ್ನೋ ಕಟ್ಟುತ್ತದೆ. ಪಾಲು ಹಾಕಿದವನು ಸುಮ್ಮನೆ ಕೂರುವುದಿಲ್ಲ; ಗಾರೆಯಲ್ಲಿ ಸಿಮೆಂಟು ಎಷ್ಟಿದೆ ಎಂದು ಬಗ್ಗಿ ನೋಡುತ್ತಾನೆ. ಊರಿನ ಕೆಲಸಕ್ಕೆ ಬೇಕಾದದ್ದು ಇಂಥ ಕಣ್ಣುಗಳೇ.

ನವೆಂಬರ್ 1 ನಮಗೆ ರಾಜ್ಯೋತ್ಸವ. ಅದೇ ದಿನವನ್ನು ತಮಿಳುನಾಡು ಸ್ಥಳೀಯ ಆಡಳಿತ ದಿನವೆಂದು ಆಚರಿಸಿ ಗ್ರಾಮಸಭೆ ಕರೆಯುತ್ತದೆ. ನೀವು ಕೊಯಮತ್ತೂರಿನಲ್ಲಿದ್ದರೆ ಆ ಸಭೆಗೆ ಹೋಗಿ; ಕೊಳ್ಳೇಗಾಲದಲ್ಲಿದ್ದರೆ ನಿಮ್ಮೂರಿನ ಸಭೆ ಯಾವತ್ತೆಂದು ಕೇಳಿ ತಿಳಿದುಕೊಳ್ಳಿ. ಹಿಂದಿನ ಬೆಂಚು ಬೇಡ, ಮುಂದೆಯೇ ಕೂತು ಕೇಳಿ: ಈ ವರ್ಷದ ಕಾಮಗಾರಿ ಯಾವುದು? ಎಸ್ಟಿಮೇಟು ಎಲ್ಲಿ? ಮಳೆನೀರು ಎಲ್ಲಿಗೆ ಇಳಿಯುತ್ತದೆ? ಗಾಲಿಕುರ್ಚಿ ಒಳಗೆ ಬರುತ್ತದೆಯೇ? ಕೆಲಸ ನಮ್ಮೂರಿನ ಎಷ್ಟು ಜನಕ್ಕೆ? ಎಸ್ಟಿಮೇಟು ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಕೊಟ್ಟರೆ ಅಳತೆ ಟೇಪು ಹಿಡಿದು ಸೈಟಿಗೆ ನಡೆಯಿರಿ, ಜೊತೆಗೆ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು.