ಮಗ್ಗದ ಶೆಡ್ಡಿನಲ್ಲಿ ಎರಡು ಮೀಟರು

ಮಕ್ಕಳೇ, ಮೊದಲು ಒಂದು ಸಣ್ಣ ಅಂದಾಜು ಮಾಡಿ. ಮಧ್ಯಾಹ್ನ ಹನ್ನೆರಡಕ್ಕೆ ಶಾಲೆಯ ಮೈದಾನದಲ್ಲಿ ಬಿಸಿಲಿಗೆ ನಿಂತಿದ್ದೀರಿ. ಗಂಟೆ ಬಾರಿಸಿತು, ಓಡಿಬಂದು ತರಗತಿಯಲ್ಲಿ ಕೂತಿರಿ. ಒಳಗಿನ ಬೆಳಕಿಗಿಂತ ಹೊರಗಿನ ಬೆಳಕು ಎಷ್ಟು ಪಟ್ಟು ಹೆಚ್ಚಿತ್ತು? ಎರಡು ಪಟ್ಟು? ಐದು? ಹೋಗಲಿ, ಹತ್ತು ಅನ್ನೋಣ. ಬೆಳಕು ಅಳೆಯುವ ಲಕ್ಸ್ ಮೀಟರನ್ನು ಕೇಳಿದರೆ ಅದರ ಉತ್ತರವೇ ಬೇರೆ. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ನಿಮ್ಮ ಬೆಂಚಿನ ಮೇಲೆ 300 ಲಕ್ಸ್ ಇದ್ದರೆ ಅದು ಒಳ್ಳೆಯ ತರಗತಿಯೇ. ಅಂದರೆ ಮುನ್ನೂರು ಪಟ್ಟಿಗೂ ಜಾಸ್ತಿ!

ಇಷ್ಟು ದೊಡ್ಡ ವ್ಯತ್ಯಾಸವನ್ನು ಕಣ್ಣು ನಿಮಗೆ ತಿಳಿಸಲೇ ಇಲ್ಲ. ಬಿಸಿಲಿಗೆ ಹೋದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ, ನೆರಳಿಗೆ ಬಂದಾಗ ಅಗಲವಾಗುತ್ತದೆ. ಆದರೆ ಪಾಪೆ ಎಷ್ಟೇ ಹಿಗ್ಗಿ ಕುಗ್ಗಿದರೂ ಒಳಹೋಗುವ ಬೆಳಕು ಹದಿನಾರು ಪಟ್ಟಿನಷ್ಟು ಬದಲಾಗಬಹುದು, ಅಷ್ಟೇ. ಮಿಕ್ಕಿದ್ದನ್ನೆಲ್ಲ ಹಿಂದಿರುವ ಅಕ್ಷಿಪಟವೂ ಮಿದುಳೂ ಸೇರಿ ಸದ್ದಿಲ್ಲದೆ ಹೊಂದಿಸಿಬಿಡುತ್ತವೆ. ಹಾಗೆ ಹೊಂದಿಸುವುದರಿಂದಲೇ ನಾವು ಬೆಳದಿಂಗಳಲ್ಲೂ ನಡೆಯಬಲ್ಲೆವು, ಬಿಸಿಲಲ್ಲೂ ಆಡಬಲ್ಲೆವು. ಆದರೆ ‘ಇಲ್ಲಿ ಬೆಳಕು ಸಾಕಾ?’ ಎಂದು ಯಾರಾದರೂ ಕೇಳಿದರೆ, ಇಂಥ ಕಣ್ಣಿನ ಮಾತು ನಂಬುವುದು ಹೇಗೆ?

ಈ ಪ್ರಶ್ನೆ ಇಟ್ಟುಕೊಂಡು ಒಂದು ಮಗ್ಗದ ಶೆಡ್ಡಿಗೆ ಹೋಗೋಣ. ದೊಡ್ಡಬಳ್ಳಾಪುರದಲ್ಲೋ ರಬಕವಿ-ಬನಹಟ್ಟಿಯಲ್ಲೋ ಕೆಲವು ಬೀದಿಗಳಲ್ಲಿ ನಡೆದರೆ ಸಾಕು, ಮಗ್ಗ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಟಕಟಕ, ಟಕಟಕ. ವಿದ್ಯುತ್ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರುವ ಹಾಸಿನ ಎಳೆಗಳ ನಡುವೆ ಹೊಕ್ಕಿನ ದಾರ ಹೊತ್ತ ಲಾಳಿ ಈ ತುದಿಯಿಂದ ಆ ತುದಿಗೆ ಹಾರುತ್ತದೆ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಅದನ್ನು ಹೊಡೆದು ಕಳಿಸಬೇಕು, ಪ್ರತಿ ಸಲವೂ ಆ ಕಡೆ ತಡೆದು ನಿಲ್ಲಿಸಬೇಕು. ಸದ್ದಿನ ದೊಡ್ಡ ಪಾಲು ಹುಟ್ಟುವುದು ಈ ಹೊಡೆತದಲ್ಲಿ ಮತ್ತು ಈ ತಡೆಯುವಿಕೆಯಲ್ಲಿ.

ಅಲ್ಲಿ ನೇಯುವವರನ್ನು ‘ಸದ್ದು ಜಾಸ್ತಿ ಅನ್ನಿಸಲ್ವಾ ಅಣ್ಣ, ಕಣ್ಣಿಗೆ ಆಯಾಸ ಆಗಲ್ವಾ?’ ಅಂತ ಕೇಳಿ ನೋಡಿ. ‘ಅಯ್ಯೋ, ಅದೆಲ್ಲ ಅಭ್ಯಾಸ ಆಗೋಗಿದೆ ಬಿಡಪ್ಪ’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಕೆಲಸದ ಜಾಗದ ಬೆಳಕು, ಸದ್ದು ಪರೀಕ್ಷಿಸಲು ಬರುವವರು ಈ ಉತ್ತರವನ್ನು ಗೌರವದಿಂದ ಕೇಳಿಸಿಕೊಂಡು, ಆಮೇಲೆ ಚೀಲದಿಂದ ಎರಡು ಮೀಟರು ಹೊರತೆಗೆಯುತ್ತಾರೆ.

ಮೊದಲು ಲಕ್ಸ್ ಮೀಟರು. ಒಂದು ಮೇಣದಬತ್ತಿ ಹಚ್ಚಿ ಒಂದು ಮೀಟರ್ ದೂರದಲ್ಲಿ ಪುಸ್ತಕ ಹಿಡಿದರೆ ಅದರ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ ಒಂದು ಲಕ್ಸ್. ಮೀಟರಿನ ಒಂದು ತುದಿಯಲ್ಲಿ ಬಿಳಿಯ ಗುಮ್ಮಟದಂಥ ಮುಚ್ಚಳವಿರುತ್ತದೆ, ಅದರ ಕೆಳಗೆ ಸಿಲಿಕಾನಿನ ಪುಟ್ಟ ತುಂಡು. ಬೆಳಕು ಬಿದ್ದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಬೆಳಕು ಹೆಚ್ಚಾದಷ್ಟೂ ವಿದ್ಯುತ್ತೂ ಹೆಚ್ಚು. ಇದಕ್ಕೆ ಅಭ್ಯಾಸವೆಂಬುದೇ ಇಲ್ಲ, ಹಾಗಾಗಿ ಬೆಳಿಗ್ಗೆ ಹೇಳಿದ್ದನ್ನೇ ರಾತ್ರಿಯೂ ಹೇಳುತ್ತದೆ. ನಮ್ಮ ಕಣ್ಣಿಗೆ ಹಸಿರು-ಹಳದಿ ಬೆಳಕು ಎದ್ದು ಕಾಣುತ್ತದೆ, ಕಡುಗೆಂಪು, ನೇರಳೆ ಮಂಕಾಗಿ ಕಾಣುತ್ತವೆ. ಮೀಟರೂ ಹಾಗೆಯೇ ನೋಡಲೆಂದು ಅದರ ಮುಂದೆ ಬಣ್ಣದ ಸೋಸುಗಾಜೊಂದನ್ನು ಕೂರಿಸಿರುತ್ತಾರೆ.

ಈ ಮೀಟರನ್ನು ಎಲ್ಲಿ ಇಡಬೇಕು? ಶೆಡ್ಡಿನ ನಡುವೆ ನಿಂತು ದೀಪದ ಕಡೆ ಎತ್ತಿ ಹಿಡಿದರೆ ಅಂಕಿಯೇನೋ ದೊಡ್ಡದು ಬರುತ್ತದೆ, ಆದರೆ ನೇಕಾರರು ನೋಡುವುದು ದೀಪವನ್ನಲ್ಲವಲ್ಲ! ಎಳೆ ಕಡಿದರೆ ಹುಡುಕಿ ಗಂಟು ಹಾಕುವ ಜಾಗದಲ್ಲಿ, ಬಟ್ಟೆಯ ಮೇಲೆಯೇ ಮೀಟರನ್ನು ಮಲಗಿಸಿ ಇಡಬೇಕು. ಅಳೆಯುವವರ ನೆರಳು ಅದರ ಮೇಲೆ ಬೀಳಬಾರದು. ನೇಯುವವರು ದಿನವೂ ನಿಲ್ಲುವಲ್ಲೇ ನಿಂತಿರಬೇಕು, ಏಕೆಂದರೆ ಅವರ ನೆರಳು ಲೆಕ್ಕಕ್ಕೆ ಸೇರಲೇಬೇಕು. ಆಮೇಲೆ ಇಡೀ ಶೆಡ್ಡನ್ನು ಚೌಕಗಳಾಗಿ ಎಣಿಸಿಕೊಂಡು ಒಂದೊಂದು ಚೌಕದಲ್ಲೂ ಅಳೆಯುತ್ತಾರೆ. ಸರಾಸರಿ ಚೆನ್ನಾಗಿದ್ದರೂ ಮೂಲೆಯ ಮಗ್ಗವೊಂದು ಕತ್ತಲಲ್ಲಿ ಇರಬಹುದು. ಹಗಲು ಒಮ್ಮೆ ಅಳೆದದ್ದು ಸಾಲದು, ರಾತ್ರಿ ಪಾಳಿಯಲ್ಲೂ ಅಳೆಯಬೇಕು. ನನ್ನನ್ನು ಕೇಳಿದರೆ ರಾತ್ರಿಯ ಅಂಕಿಯೇ ಮುಖ್ಯ.

ಯೂರೋಪಿನ ಮಾನಕ ನೇಯುವ ಜಾಗಕ್ಕೆ 500 ಲಕ್ಸ್ ಇರಲಿ ಎನ್ನುತ್ತದೆ, ಬಟ್ಟೆಯ ದೋಷ ಹುಡುಕುವ ಮೇಜಿಗೆ 1000. ಒಳಾಂಗಣದ ಬೆಳಕಿಗೆಂದೇ ಭಾರತದಲ್ಲೂ ಐಎಸ್ 3646 ಎಂಬ ಮಾನಕವಿದೆ. ಆದರೆ ಅಂಕಿ ಮುಟ್ಟಿತೆಂದು ಸುಮ್ಮನಾಗುವಂತಿಲ್ಲ. ಲಕ್ಸ್ ಮೀಟರು ಅಳೆಯುವುದು ಬಟ್ಟೆಯ ಮೇಲೆ ಬಂದು ಬೀಳುವ ಬೆಳಕನ್ನು. ನಮಗೆ ಕಾಣಿಸುವುದು ಬಟ್ಟೆಯಿಂದ ಮರಳಿ ಬರುವ ಬೆಳಕು. ಬಿಳಿ ಸೀರೆ ಬಂದದ್ದರಲ್ಲಿ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಸೀರೆ ಹೆಚ್ಚಿನದನ್ನು ನುಂಗಿಬಿಡುತ್ತದೆ. ಕಪ್ಪು ಹಾಸಿನಲ್ಲಿ ಕಡಿದ ಕಪ್ಪು ಎಳೆ ಹುಡುಕುವವರಿಗೆ ಅದೇ 500 ಲಕ್ಸ್ ಸಾಲುವುದಿಲ್ಲ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು ವರ್ಷದವರ ಅಕ್ಷಿಪಟಕ್ಕೆ ತಲುಪುವ ಬೆಳಕಿನಲ್ಲಿ ಅರುವತ್ತು ದಾಟಿದವರಿಗೆ ತಲುಪುವುದು ಸುಮಾರು ಮೂರನೇ ಒಂದು ಪಾಲು. ಅಜ್ಜಿ ಸೂಜಿಗೆ ದಾರ ಪೋಣಿಸಲು ಬಾಗಿಲ ಬಳಿ ಹೋಗುವುದು ಇದಕ್ಕೇ.

ಇನ್ನೊಂದು ಮೋಸವನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುತ್ತದೆ. ಹಾಗಾಗಿ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಹೊಳೆಯುತ್ತದೆ. ನಮಗದು ಗೊತ್ತಾಗುವುದಿಲ್ಲ. ಆದರೆ ಅದರ ಕೆಳಗೆ ಗಾಲಿಯೊಂದು ಅದೇ ಲಯಕ್ಕೆ ತಿರುಗುತ್ತಿದ್ದರೆ, ಪ್ರತಿ ಹೊಳಪಿಗೂ ಅದರ ಕಡ್ಡಿಗಳು ಅದೇ ಜಾಗದಲ್ಲಿ ಕಾಣಿಸಿ, ಗಾಲಿ ನಿಂತೇಬಿಟ್ಟಿದೆ ಅನ್ನಿಸಬಹುದು. ನಿಂತಿದೆಯೆಂದು ಕೈ ಹಾಕಿದರೆ? ಅದಕ್ಕೇ ತಿಳಿದವರು ಅಕ್ಕಪಕ್ಕದ ಟ್ಯೂಬುಗಳಿಗೆ ಬೇರೆಬೇರೆ ಫೇಸಿನ ತಂತಿ ಕೊಡುತ್ತಿದ್ದರು. ಆಗ ಒಂದು ಮಂಕಾದಾಗ ಇನ್ನೊಂದು ಬೆಳಗುತ್ತಿರುತ್ತದೆ. ಎಲೆಕ್ಟ್ರಾನಿಕ್ ಚೋಕು ಬಂದ ಮೇಲೆ ಈ ಕಾಟ ಬಹಳ ಕಡಿಮೆಯಾಯಿತು.

ಈಗ ಎರಡನೆಯ ಮೀಟರು, ಸದ್ದಿನದು. ತುದಿಯಲ್ಲಿ ಮೈಕು, ಅದಕ್ಕೊಂದು ಸ್ಪಂಜಿನ ಟೋಪಿ. ಕೆಲಸ ಶುರುಮಾಡುವ ಮೊದಲು ಮೈಕಿನ ಮೇಲೆ ಪುಟ್ಟ ಡಬ್ಬಿಯೊಂದನ್ನು ಸಿಕ್ಕಿಸುತ್ತಾರೆ. ಅದು ಕರಾರುವಾಕ್ಕಾಗಿ 94 ಡೆಸಿಬೆಲ್ ಸದ್ದು ಮಾಡುತ್ತದೆ. ಮೀಟರೂ 94 ಎಂದು ತೋರಿಸಿದರೆ ಸರಿ, ಇಲ್ಲದಿದ್ದರೆ ತಿದ್ದಬೇಕು. ಕೆಲಸ ಮುಗಿದ ಮೇಲೂ ಇದೇ ಪರೀಕ್ಷೆ. ಅಳತೆ ಮಾಡುವುದನ್ನೇ ಹೀಗೆ ಅಳೆದು ನೋಡುವ ಪದ್ಧತಿ ನನಗೆ ತುಂಬ ಇಷ್ಟ.

ಡೆಸಿಬೆಲ್ಲಿನ ಲೆಕ್ಕ ತಮಾಷೆಯದು. ಒಂದು ಮಗ್ಗ 90 ಡೆಸಿಬೆಲ್ ಸದ್ದು ಮಾಡುತ್ತದೆ ಎಂದುಕೊಳ್ಳಿ. ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಓಡಿಸಿದರೆ ಎಷ್ಟು? 180 ಅಲ್ಲ, 93! ಹತ್ತು ಮಗ್ಗ ಓಡಿಸಿದರೆ 100. ಸದ್ದಿನ ಶಕ್ತಿ ಹತ್ತು ಪಟ್ಟಾದಾಗ ಡೆಸಿಬೆಲ್ ಹತ್ತು ಹೆಚ್ಚುತ್ತದೆ, ಎರಡು ಪಟ್ಟಾದಾಗ ಮೂರು. ಹೀಗಾಗಿ ‘ಮೂರೇ ಡೆಸಿಬೆಲ್ ಜಾಸ್ತಿ’ ಎಂದು ಯಾರಾದರೂ ಅಂದರೆ, ಕಿವಿಯೊಳಗೆ ಹೋಗುವ ಶಕ್ತಿ ಇಮ್ಮಡಿಯಾಗಿದೆ ಎಂದೇ ತಿಳಿಯಿರಿ. ಲಾಳಿ ಹಾರುವ ಮಗ್ಗಗಳು ತುಂಬಿದ ಶೆಡ್ಡಿನಲ್ಲಿ ಮೀಟರು 90 ದಾಟಿ 100ರ ಹತ್ತಿರ ಹೋಗುವುದು ಅಪರೂಪವೇನಲ್ಲ.

ಆ ಶಕ್ತಿ ಒಳಗೆ ಹೋಗಿ ಮಾಡುವುದೇನು? ಕಿವಿಯ ಒಳಗೆ, ಬಸವನ ಹುಳುವಿನ ಚಿಪ್ಪಿನಂತೆ ಸುರುಳಿಯಾದ ಕಾಕ್ಲಿಯದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಗಾಳಿ ಬೀಸಿದಾಗ ರಾಗಿ ಪೈರು ಬಾಗಿ ಏಳುವಂತೆ, ಸದ್ದು ಬಂದಾಗ ಅವುಗಳ ನವಿರಾದ ತುದಿಗಳು ಬಾಗಿ ಏಳುತ್ತವೆ. ಬಿರುಗಾಳಿ ಬಂದರೆ ಪೈರು ಮಲಗುತ್ತದೆ, ಒಂದೆರಡು ದಿನದಲ್ಲಿ ಮತ್ತೆ ಏಳಲೂಬಹುದು. ದಿನವೂ ಬಿರುಗಾಳಿಯಾದರೆ ಏಳುವುದಿಲ್ಲ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶದ ಜಾಗಕ್ಕೆ ಹೊಸದು ಬೆಳೆಯುತ್ತದೆ. ನಮಗೆ ಆ ಭಾಗ್ಯವಿಲ್ಲ. ಮೊದಲು ಹಾಳಾಗುವುದು ಕೀರಲು ಸದ್ದನ್ನು, ಅಂದರೆ ಸೆಕೆಂಡಿಗೆ 4000 ಕಂಪನದ ಆಸುಪಾಸಿನದನ್ನು ಗ್ರಹಿಸುವ ಕೋಶಗಳು. ಮಾತಿನಲ್ಲಿ ‘ಸ’, ‘ಶ’ಗಳು ಮಸುಕಾಗತೊಡಗುತ್ತವೆ. ಮಾತಾಡಿದ್ದು ಕೇಳಿಸುತ್ತದೆ, ಏನೆಂದು ಬಿಡಿಸಿ ತಿಳಿಯುವುದಿಲ್ಲ. ನೋವೇನೂ ಇರುವುದಿಲ್ಲ. ಮೊದಮೊದಲು ಅಸಹನೀಯವಾಗಿದ್ದ ಶೆಡ್ಡು ವರ್ಷಗಳ ಮೇಲೆ ಅಷ್ಟೇನೂ ಗದ್ದಲವಿಲ್ಲ ಅನ್ನಿಸತೊಡಗಿದರೆ ಎಚ್ಚರವಾಗಬೇಕು. ಅಭ್ಯಾಸ ಆಯಿತು ಅಂದುಕೊಂಡದ್ದರಲ್ಲಿ ಒಂದಿಷ್ಟು ಪಾಲು ಕಿವುಡೇ ಆಗಿರಬಹುದು.

ಇದನ್ನು ಅಂಕಿಯಲ್ಲಿ ಹಿಡಿದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಕಿವಿ ವೈದ್ಯ ಥಾಮಸ್ ಬಾರ್ ಒಬ್ಬರು. 1886ರಲ್ಲಿ ಡೆಸಿಬೆಲ್ ಎಂಬ ಅಳತೆಯೇ ಹುಟ್ಟಿರಲಿಲ್ಲ. ಅವರು ಜೇಬಿನ ಗಡಿಯಾರವೊಂದನ್ನು ತೆಗೆದುಕೊಂಡರು. ಅದರ ಟಿಕ್ ಟಿಕ್ ಎಷ್ಟು ದೂರದವರೆಗೆ ಕೇಳಿಸುತ್ತದೆಂದು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಸುತ್ತಿಗೆ ಏಟುಗಳ ನಡುವೆ ಬಾಯ್ಲರು ಕಟ್ಟುವ 100 ಕೆಲಸಗಾರರನ್ನು ನೋಡಿದರು. ಅವರಲ್ಲಿ ಒಬ್ಬರಿಗೂ ಕಿವಿ ಸರಿಯಾಗಿರಲಿಲ್ಲ. ಹೋಲಿಸಿ ನೋಡಲು ಬಾರ್ ಅಂಚೆಯವರನ್ನೂ ಪರೀಕ್ಷಿಸಿದ್ದರು. ಅವರ ಕಿವಿಗಳು ಎಷ್ಟೋ ಚೆನ್ನಾಗಿದ್ದವು. ಮೀಟರು ಇಲ್ಲದಿದ್ದರೂ ಅಳತೆ ನಿಲ್ಲಲಿಲ್ಲ, ನೋಡಿ.

ಎಷ್ಟು ಸದ್ದಿನಲ್ಲಿ ಎಷ್ಟು ಹೊತ್ತು ಇರಬಹುದು? ನಮ್ಮ ದೇಶದ ಕಾರ್ಖಾನೆ ನಿಯಮಗಳು ಬಹುಕಾಲದಿಂದ ಹೇಳುತ್ತ ಬಂದದ್ದು 90 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ, 95ರಲ್ಲಿ ನಾಲ್ಕು, 100ರಲ್ಲಿ ಎರಡು ಎಂದು. ಅಮೆರಿಕದ ನಯೋಷ್ ಎಂಬ ಸಂಶೋಧನಾ ಸಂಸ್ಥೆ ಎಂಟು ಗಂಟೆಗೆ 85 ಸಾಕು, ಅಲ್ಲಿಂದ ಮುಂದೆ ಮೂರು ಹೆಚ್ಚಿದಂತೆಲ್ಲ ಹೊತ್ತು ಅರ್ಧವಾಗಲಿ ಎನ್ನುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಸಿಗುವುದು ಬರೀ 15 ನಿಮಿಷ! ಮೂರಕ್ಕೆ ಶಕ್ತಿ ಇಮ್ಮಡಿಯಾಗುತ್ತದೆಂದು ಆಗಲೇ ನೋಡಿದೆವಲ್ಲ, ಅದಕ್ಕೆ ಈ ಎರಡನೆಯ ಲೆಕ್ಕವೇ ಭೌತಶಾಸ್ತ್ರಕ್ಕೆ ಹತ್ತಿರ ಎಂದು ನನ್ನ ಅನಿಸಿಕೆ. ಇನ್ನೊಂದು ತೊಡಕೂ ಇತ್ತು. 1948ರ ಕಾರ್ಖಾನೆಗಳ ಕಾಯ್ದೆ, ವಿದ್ಯುತ್ ಬಳಸುವ ಕಡೆ ಸಾಮಾನ್ಯವಾಗಿ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಮನೆಗೆ ಅಂಟಿಕೊಂಡ ನಾಲ್ಕು ಮಗ್ಗದ ಶೆಡ್ಡು ಅದರ ಕಣ್ಣಿಗೆ ಬೀಳಲಿಲ್ಲ. ಸದ್ದು ಮಾತ್ರ ಅಲ್ಲಿ ಅಷ್ಟೇ ಇರುತ್ತದೆ, ಪಕ್ಕದ ಕೋಣೆಯಲ್ಲಿ ಮಗು ಮಗ್ಗಿ ಬಾಯಿಪಾಠ ಮಾಡುತ್ತಿರುತ್ತದೆ.

ಅಳೆದ ಮೇಲೆ ಮಾಡುವ ಕೆಲಸಗಳು ಹೆಚ್ಚಿನವು ಸರಳ. ಲಾಳಿಯೇ ಇಲ್ಲದ ರೇಪಿಯರ್ ಮಗ್ಗಕ್ಕೆ ದುಡ್ಡು ಬೇಕು, ನಿಜ. ಆದರೆ ಸವೆದ ಭಾಗ ಬದಲಿಸಿ ಎಣ್ಣೆ ಬಿಡುವುದಕ್ಕೆ, ಮಗ್ಗದ ಕೆಳಗೆ ರಬ್ಬರ್ ಹಾಸುವುದಕ್ಕೆ, ಕಿವಿಗೆ ಮೆತ್ತನೆಯ ಬೆಣೆ ಇಟ್ಟುಕೊಳ್ಳುವುದಕ್ಕೆ ಅಷ್ಟೇನೂ ಖರ್ಚಿಲ್ಲ. ಬೆಣೆ ಹಾಕಿದರೆ ಮಗ್ಗದ ಸದ್ದಿನ ಏರುಪೇರು ತಿಳಿಯುವುದಿಲ್ಲ ಎಂದು ನೇಕಾರರು ಹೇಳುವುದುಂಟು. ಅದು ನೆಪವಲ್ಲ. ಕೆಲಸ ಬಲ್ಲವರು ಸದ್ದಿನಲ್ಲೇ ಮಗ್ಗದ ಆರೋಗ್ಯ ತಿಳಿಯುತ್ತಾರೆ. ಬೆಣೆ ಎಲ್ಲ ಸದ್ದನ್ನೂ ತಗ್ಗಿಸುವುದರಿಂದ ಕೆಲವು ದಿನಗಳಲ್ಲಿ ಆ ತಗ್ಗಿದ ಸದ್ದಿನಲ್ಲೂ ಏರುಪೇರು ಗುರುತಿಸಲು ಬರುತ್ತದೆ. ಬೆಳಕಿಗಂತೂ ದೂಳು ಒರೆಸುವುದೇ ಅರ್ಧ ಮದ್ದು. ಗಾಜಿನ ಕಿಟಕಿಗಳನ್ನು ಒಳಗೂ ಹೊರಗೂ ಶುಚಿಯಾಗಿಡಬೇಕೆಂದು ಆ 1948ರ ಕಾಯ್ದೆಯೇ ಬರೆದಿತ್ತು.

ನೀವೂ ಒಂದು ಅಳತೆ ಮಾಡಿ. ಅನೇಕ ಮೊಬೈಲುಗಳಲ್ಲಿ ಮುಂದಿನ ಕ್ಯಾಮೆರಾದ ಪಕ್ಕ ಬೆಳಕಿನ ಸಂವೇದಕವಿರುತ್ತದೆ, ಲಕ್ಸ್ ತೋರಿಸುವ ಆ್ಯಪು ಸಿಗುತ್ತದೆ. ಅಂಕಿ ಕರಾರುವಾಕ್ಕಾಗಿ ಇರಲಿಕ್ಕಿಲ್ಲ, ಹೋಲಿಕೆಗೆ ಸಾಕು. ರಾತ್ರಿ ಕೋಣೆಯಲ್ಲಿ ಒಂದೇ ಬಲ್ಬು ಉರಿಸಿ, ಒಂದು ಮೀಟರ್ ದೂರದಲ್ಲಿ ಒಮ್ಮೆ, ಎರಡು ಮೀಟರ್ ದೂರದಲ್ಲಿ ಒಮ್ಮೆ ಅಳೆಯಿರಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯಬೇಕೆಂದು ಪಾಠದಲ್ಲಿದೆ. ನಿಮಗೆ ಅದಕ್ಕಿಂತ ಹೆಚ್ಚೇ ಬರುತ್ತದೆ, ಏಕೆಂದರೆ ಬಿಳಿ ಗೋಡೆಯಿಂದ ಮರಳಿದ ಬೆಳಕೂ ಬಂದು ಸೇರಿರುತ್ತದೆ. ಗೋಡೆಗೆ ಒಂದು ಕರಿಯ ಕಂಬಳಿ ನೇತುಹಾಕಿ ಇನ್ನೊಮ್ಮೆ ಅಳೆಯಿರಿ.