ತೆರವಾದ ಸ್ಥಾನ, ತೀರದ ಋಣ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಮಹಾಜನರೇ, ಉಪಾಧ್ಯಾಯ ಬಂಧುಗಳೇ,

ನಿಮ್ಮ ನಾಲ್ಕು ತಾಲ್ಲೂಕುಗಳೂ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಅವಧಿ ತುಂಬುವ ಮೊದಲೇ ಈ ಸ್ಥಾನವು ತೆರವಾದ ಪ್ರಸಂಗಗಳಿಂದ ನಾವು ಕಲಿಯತಕ್ಕ ಪಾಠವೊಂದುಂಟು. ಅದನ್ನು ಅರಿಕೆ ಮಾಡುವೆವು.

1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನವು, ಪ್ರತಿನಿಧಿ ಸಭೆಯಲ್ಲಿ ಸ್ಥಾನ ತೆರವಾದರೆ ಆಯಾ ಸಂಸ್ಥಾನದ ಅಧಿಕಾರಿಯು ಚುನಾವಣೆಗೆ ಆಜ್ಞೆ ಹೊರಡಿಸಬೇಕೆಂದು ವಿಧಿಸಿತು. ತನಗೆ ಬೇಕಾದವರನ್ನು ನೇಮಿಸುವ ಅಧಿಕಾರವನ್ನು ಕೊಡಲಿಲ್ಲ. ಜನರ ಸ್ಥಾನವನ್ನು ಜನರೇ ತುಂಬತಕ್ಕದ್ದು. ನಮ್ಮ ಕಾನೂನೂ ಹಾಗೆಯೇ. ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಉಳಿದ ಅವಧಿಯು ಒಂದು ವರ್ಷಕ್ಕಿಂತ ಕಡಮೆಯಿದ್ದರೆ ಈ ನಿಯಮ ಅನ್ವಯಿಸದು.

ಆದರೆ ಇಲ್ಲಿ ನಡೆದುದೇನು? 2013ರಲ್ಲಿ ಲೋಕಸಭಾ ಸದಸ್ಯರಾಗಿದ್ದ ಶ್ರೀ ಚೆಲುವರಾಯಸ್ವಾಮಿಯವರು ನಾಗಮಂಗಲದಿಂದ ವಿಧಾನಸಭೆಗೆ ಆರಿಸಿಬಂದರು. ಆಗಸ್ಟಿನ ಉಪಚುನಾವಣೆಯಲ್ಲಿ ಗೆದ್ದ ಚಿತ್ರನಟಿ ರಮ್ಯಾ ಅವರು ಒಂದು ವರ್ಷ ತುಂಬುವ ಮೊದಲೇ ಮತ್ತೆ ಮತ ಕೇಳಬೇಕಾಯಿತು. 2014ರಲ್ಲಿ ಅವರನ್ನು ಸೋಲಿಸಿದ ಶ್ರೀ ಪುಟ್ಟರಾಜು ಅವರೂ 2018ರ ಮೇ ತಿಂಗಳಲ್ಲಿ, ಪಾಂಡವಪುರ ಸೀಮೆಯ ಮೇಲುಕೋಟೆ ಕ್ಷೇತ್ರದಿಂದ ಗೆದ್ದು, ಲೋಕಸಭೆಯನ್ನು ಬಿಟ್ಟರು. ನವೆಂಬರ್ 3ರಂದು ಉಪಚುನಾವಣೆ ನಡೆಯಿತು. ಶ್ರೀ ಶಿವರಾಮೇಗೌಡರು ಮೂರು ಲಕ್ಷಕ್ಕೂ ಮಿಕ್ಕಿದ ಮತಗಳ ಅಂತರದಿಂದ ಗೆದ್ದರು. ದೊರೆತ ಕಾಲವೋ ಕೆಲವೇ ತಿಂಗಳು.

ಈ ಬಿಡುವಿನ ಬೆಲೆ ಏನೆಂಬುದನ್ನು ಯೋಚಿಸಿರಿ. 2018ರ ಜೂನ್ 1ರಂದು ಕೇಂದ್ರ ಸರ್ಕಾರವು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವನ್ನು ಪ್ರಕಟಿಸಿತು. ಆ ಮಳೆಗಾಲದ ಲೋಕಸಭಾ ಅಧಿವೇಶನವಿಡೀ, ಕನ್ನಂಬಾಡಿಯ ನೀರಿನಿಂದ ಬತ್ತ, ಕಬ್ಬು ಬೆಳೆಯುವ ಈ ನಾಡಿನ ಪೀಠವು ಬರಿದಾಗಿದ್ದಿತು!

ಕೃಷ್ಣರಾಜಪೇಟೆಯ ಸಂಗತಿ ಬೇರೆ. 2019ರಲ್ಲಿ ವಿಧಾನಸಭಾ ಸದಸ್ಯತ್ವಕ್ಕೆ ರಾಜೀನಾಮೆಯಿತ್ತು ಅನರ್ಹರಾದ ಶ್ರೀ ನಾರಾಯಣಗೌಡರು, ಪಕ್ಷ ಬದಲಿಸಿ, ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅದೇ ಮತದಾರರ ಮುಂದೆ ನಿಂತು ಗೆದ್ದರು. ಅವರ ನಡೆಯನ್ನು ಒಪ್ಪುವವರೂ ಒಪ್ಪದವರೂ ಉಂಟು; ಆದರೆ ತೀರ್ಪು ಕೊಡುವ ಅವಕಾಶವಾದರೂ ಜನರಿಗೆ ದೊರೆಯಿತು. ಲೋಕಸಭೆಯನ್ನು ಬಿಟ್ಟುಹೋದವರ ವಿಷಯದಲ್ಲಿ ಹಾಗಾಗಲಿಲ್ಲ. ಉಪಚುನಾವಣೆಯ ಕಣದಲ್ಲಿ ಇದ್ದವರು ಬೇರೆಯವರು.

ರಾಜ್ಯಸೇವೆ ಕೀಳೆಂದು ನಾವು ಹೇಳುವುದಿಲ್ಲ. ಪಡೆದ ಮತವು ಐದು ವರ್ಷದ ಋಣವೆನ್ನುತ್ತೇವೆ, ಅಷ್ಟೆ. ಹರಿದು ಹಂಚಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದು ರಾಜ್ಯವಾದುದು, ದೆಹಲಿಯಲ್ಲಿ ಒಂದೇ ಕೊರಲಿನಿಂದ ಮಾತನಾಡುವುದಕ್ಕಾಗಿಯೂ ಅಲ್ಲವೆ? ಆದುದರಿಂದ ಮತ ಕೇಳಲು ಬಂದವರನ್ನು, ಪಕ್ಷ ಯಾವುದೇ ಇರಲಿ, ಮೊದಲು ಇದೊಂದನ್ನು ಕೇಳಿರಿ: “ಅವಧಿ ಮುಗಿಯುವವರೆಗೂ ಅಲ್ಲಿ ಇರುವಿರಾ?” ಉತ್ತರ ಬಂದ ಮೇಲೆ ಮತದ ಮಾತು.