ಕೊಲೆಗೂ ವಾಯಿದೆ ಉಂಟೆ?

‘ಸಿಗ್ನಲ್’ ಎಂಬ ಕೊರಿಯದ ಧಾರಾವಾಹಿಯ ಗುಣದೋಷ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಬರಹ)



ಇಂದಿನ ಮಾತಿಗೆ ನಾವು ಆರಿಸಿಕೊಂಡಿರುವುದು ಒಂದು ಪತ್ತೇದಾರಿ ಧಾರಾವಾಹಿ. ಕೂಲಿ, ಬೋನಸ್ಸು, ತೆರಿಗೆ, ಮಳಿಗೆಯ ಬಾಡಿಗೆ ಎಂದು ಇಷ್ಟೆಲ್ಲ ತಾಪತ್ರಯವಿರುವಾಗ ಕೊರಿಯ ದೇಶದ ಕೊಲೆಗಳ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಎರಡನೆಯ ಪಾಳಿ ಮುಗಿಸಿ ಮನೆಗೆ ಬಂದವರು, ಅಂಗಡಿಯ ಬಾಗಿಲು ಹಾಕಿ ದಿನದ ಲೆಕ್ಕ ಬರೆದವರು, ರಾತ್ರಿ ಫೋನಿನಲ್ಲಿ ನೋಡುತ್ತಿರುವುದು ಇಂಥ ಕಥೆಗಳನ್ನೇ. ಜನ ನೋಡುವುದನ್ನೆಲ್ಲ ಕೀಳೆಂದು ತಳ್ಳಿಬಿಡುವುದು ಪಂಡಿತರ ಚಾಳಿ. ನೋಡಿದ್ದನ್ನು ಒರೆಗೆ ಹಚ್ಚಿ, ಅದರಲ್ಲಿ ಚಿನ್ನವೆಷ್ಟು, ಹಿತ್ತಾಳೆಯೆಷ್ಟು ಎಂದು ತಿಳಿದುಕೊಳ್ಳೋಣ.

‘ಸಿಗ್ನಲ್’ 2016ರ ಜನವರಿಯಿಂದ ಮಾರ್ಚಿಯವರೆಗೆ ದಕ್ಷಿಣ ಕೊರಿಯದ ಟಿವಿಎನ್ ವಾಹಿನಿಯಲ್ಲಿ 16 ಕಂತುಗಳಲ್ಲಿ ಬಂದ ಧಾರಾವಾಹಿ. ಬರೆದವರು ಕಿಮ್ ಉನ್-ಹೀ ಎಂಬ ಮಹಿಳೆ. ನಿರ್ದೇಶಿಸಿದವರು ಕಿಮ್ ವೊನ್-ಸೊಕ್. ಅದೇ ವರ್ಷದ ಬೇಕ್‌ಸಾಂಗ್ ಪ್ರಶಸ್ತಿಗಳಲ್ಲಿ ಉತ್ತಮ ಧಾರಾವಾಹಿ ಎನಿಸಿಕೊಂಡಿತು. 2018ರಲ್ಲಿ ಜಪಾನಿನವರೂ 2024ರಲ್ಲಿ ಹಿಂದಿಯವರೂ ಇದನ್ನು ತಮ್ಮ ಭಾಷೆಗೆ ಇಳಿಸಿಕೊಂಡರು.

ಕಥೆಯ ಹಂದರ ಹೀಗಿದೆ. 2015ರಲ್ಲಿ ಪಾರ್ಕ್ ಹೇ-ಯಂಗ್ ಎಂಬ ಯುವಕ ಪೋಲೀಸ್ ಇಲಾಖೆಯಲ್ಲಿದ್ದಾನೆ. ಅಪರಾಧದ ರೀತಿಯನ್ನು ನೋಡಿ ಅಪರಾಧಿ ಎಂಥವನಿರಬಹುದೆಂದು ಊಹಿಸುವುದು ಅವನ ವಿದ್ಯೆ. ಅವನಿಗೆ ಒಂದು ಹಳೆಯ ವಾಕಿಟಾಕಿ ಸಿಗುತ್ತದೆ. ಬ್ಯಾಟರಿಯೂ ಇಲ್ಲದ ಆ ಪೆಟ್ಟಿಗೆ ರಾತ್ರಿ 11 ಗಂಟೆ 23 ನಿಮಿಷಕ್ಕೆ ಮಾತನಾಡುತ್ತದೆ. ಆ ಕಡೆಯಿಂದ ಮಾತನಾಡುವವನು ಲೀ ಜೇ-ಹಾನ್ ಎಂಬ ಪತ್ತೇದಾರ. ಅವನಿರುವುದು ಹಿಂದಿನ ಕಾಲದಲ್ಲಿ. ಹೇ-ಯಂಗನ ಕಾಲದಲ್ಲಿ ಅವನು ಲಂಚ ತಿಂದು ಓಡಿಹೋದವನೆಂಬ ಕಳಂಕ ಹೊತ್ತು ಕಾಣೆಯಾಗಿ 15 ವರ್ಷವಾಗಿದೆ. ಇವರಿಬ್ಬರೂ ಕಾಲದ ಎರಡು ದಡಗಳಲ್ಲಿ ನಿಂತು ಮುಚ್ಚಿಹೋದ ಮೊಕದ್ದಮೆಗಳನ್ನು ಬಿಡಿಸುತ್ತಾರೆ. ನಡುವೆ ಇರುವವಳು ಚಾ ಸೂ-ಹ್ಯುನ್. ಹಿಂದೆ ಜೇ-ಹಾನನ ಕೈಕೆಳಗೆ ಕೆಲಸ ಕಲಿತವಳು, ಈಗ ಹಳೆಯ ಕಡತಗಳ ತಂಡಕ್ಕೆ ಮುಖ್ಯಸ್ಥೆ.

ವಾಕಿಟಾಕಿಯ ಪವಾಡ ಒಂದು ಕಟ್ಟುಕಥೆ, ಅದು ಇರಲಿ. ಕಥೆಯ ಬೆನ್ನೆಲುಬು ಒಂದು ಕಾನೂನು. ಅಂಗಡಿಯ ಸ್ನೇಹಿತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈಗಡ ಕೊಟ್ಟು ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ, ಇಲ್ಲವೆ ಸಾಲಗಾರನಿಂದ ಹೊಸದಾಗಿ ರುಜು ಪಡೆಯದಿದ್ದರೆ, ಬಾಕಿಗೆ ವಾಯಿದೆ ಮೀರಿತು. ಆಮೇಲೆ ಪತ್ರ ಕೈಯಲ್ಲಿದ್ದರೂ ಕೋರ್ಟಿನಲ್ಲಿ ನಿಲ್ಲದು. ಕೊರಿಯದಲ್ಲಿ ಕೊಲೆಗೂ ಹಾಗೆಯೇ ವಾಯಿದೆ ಇತ್ತು. 15 ವರ್ಷ ಸಿಕ್ಕಿಬೀಳದೆ ತಪ್ಪಿಸಿಕೊಂಡರೆ ಕೊಲೆಗಾರ ಬೀದಿಯಲ್ಲಿ ಎದೆ ಸೆಟೆಸಿ ನಡೆಯಬಹುದಾಗಿತ್ತು. 2007ರಲ್ಲಿ ಅದನ್ನು ಮುಂದಿನ ಕೊಲೆಗಳಿಗೆ 25 ವರ್ಷ ಮಾಡಿದರು; 2015ರ ಜುಲೈಯಲ್ಲಿ ವಾಯಿದೆಯನ್ನೇ ತೆಗೆದುಹಾಕಿದರು. ನಮ್ಮ ದೇಶದ ಕಾನೂನಿನಲ್ಲಿ ಕೊಲೆಗೆ ಇಂಥ ವಾಯಿದೆ ಇಲ್ಲ. ಆದ್ದರಿಂದ ಆ ಜನರ ಸಂಕಟ ನಮಗೆ ತಟ್ಟನೆ ಅರ್ಥವಾಗದೆ ಹೋಗಬಹುದು. ಧಾರಾವಾಹಿಯ ಮೊದಲನೆಯ ಗುಣವೆಂದರೆ ಅದನ್ನು ಅರ್ಥಮಾಡಿಸುವುದು.

ಮೊದಲ ಎರಡು ಕಂತುಗಳನ್ನೇ ನೋಡಿ. 2000ನೇ ಇಸವಿಯಲ್ಲಿ ಶಾಲೆಯ ಹುಡುಗಿಯೊಬ್ಬಳನ್ನು ಕದ್ದೊಯ್ದು ಕೊಂದಿದ್ದಾರೆ. ಕರೆದೊಯ್ದವಳು ಒಬ್ಬ ಹೆಂಗಸು ಎಂದು ಕಣ್ಣಾರೆ ಕಂಡ ಸಹಪಾಠಿ ಬಾಲಕನ ಮಾತಿಗೆ ಠಾಣೆಯಲ್ಲಿ ಯಾರೂ ಕಿವಿಗೊಡಲಿಲ್ಲ. 15 ವರ್ಷ ತುಂಬುವ ರಾತ್ರಿ ಅಪರಾಧಿ ಎದುರಿಗೆ ಕುಳಿತಿದ್ದಾಳೆ, ಗಡಿಯಾರ ಓಡುತ್ತಿದೆ. ಸಾಕ್ಷ್ಯ ಕೈಸೇರುವಷ್ಟರಲ್ಲಿ ಹನ್ನೆರಡು ಹೊಡೆದುಹೋಗುತ್ತದೆ. ತನ್ನ ಜೊತೆಗಾರನನ್ನು ಕೊಂದ ತಪ್ಪಿಗಾಗಿ ಅವಳನ್ನು ಹಿಡಿಯಬಹುದು, ಆದರೆ ಆ ಮಗುವಿನ ಕೊಲೆಗೆ ಶಿಕ್ಷೆ ಇಲ್ಲ! ಇಷ್ಟು ವರ್ಷ ಠಾಣೆಯ ಬಾಗಿಲು ಕಾದ ತಾಯಿಯ ಮುಖವನ್ನು ಆಗ ನೋಡಬೇಕು. ಒಂದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹಿಡಿಯುವ ಗೇಟಿನ ಮುಂದೆ ನಿಂತವರಿಗೆ ಈ ಗಡಿಯಾರದ ಕ್ರೌರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಗುಣ, ಸತ್ತವರನ್ನು ಲೆಕ್ಕದ ಅಂಕಿ ಮಾಡದಿರುವುದು. 1989ರ ಸರಣಿ ಕೊಲೆಗಳ ಭಾಗದಲ್ಲಿ ಜೇ-ಹಾನ್ ಇನ್ನೂ ಗಸ್ತು ತಿರುಗುವ ಎಳೆಯ ಪೋಲೀಸಿನವನು. ಬಡಾವಣೆಯ ಕಚೇರಿಯಲ್ಲಿ ಕೆಲಸಕ್ಕಿರುವ ಹುಡುಗಿಯೊಬ್ಬಳನ್ನು ಮನಸ್ಸಿನಲ್ಲೇ ಮೆಚ್ಚಿದವನು. ಅವಳು ಕೊಲೆಯಾಗುತ್ತಾಳೆ. ಅವಳು ತನಗಾಗಿ ತೆಗೆದಿಟ್ಟಿದ್ದ ಸಿನಿಮಾ ಟಿಕೀಟು ಅವನ ಕೈಸೇರುತ್ತದೆ. ಅವನು ಆ ಸಿನಿಮಾಕ್ಕೆ ಹೋಗಿ ಕೂಡುತ್ತಾನೆ. ಸುತ್ತಲಿನ ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಇವನೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆ. ಭಾಷಣವಿಲ್ಲ, ಪ್ರತಿಜ್ಞೆಯಿಲ್ಲ. ಇಂಥದೇ ಇನ್ನೊಂದು. ಅಣ್ಣನನ್ನು ಕಳೆದುಕೊಂಡು ಒಂಟಿಯಾದ ಹುಡುಗ ಹೇ-ಯಂಗ್ ಒಂದು ಸಣ್ಣ ಹೋಟೆಲಿಗೆ ಹೋಗಿ ಮೊಟ್ಟೆ ಹೊದಿಸಿದ ಅನ್ನ ಕೇಳುತ್ತಾನೆ. ಅಲ್ಲಿ ಅದನ್ನು ಮಾಡುವುದಿಲ್ಲ. ಆದರೂ ಒಡತಿ ಮಾಡಿಕೊಡುತ್ತಾಳೆ. ಅವನ ಊಟಕ್ಕೆ ದುಡ್ಡು ಕೊಟ್ಟು ಹೋದವನು ಜೇ-ಹಾನ್ ಎಂದು ಗೊತ್ತಾಗುವುದು ಎಷ್ಟೋ ವರ್ಷಗಳಾದ ಮೇಲೆ.

ಮೂರನೆಯ ಗುಣವೇ ಎಲ್ಲಕ್ಕಿಂತ ದೊಡ್ಡದು. ತಪ್ಪು ಯಾರದು, ಕೋಳ ಯಾರಿಗೆ ಎಂಬ ಪ್ರಶ್ನೆಯನ್ನು ಇದು ಮುಚ್ಚುಮರೆಯಿಲ್ಲದೆ ಕೇಳುತ್ತದೆ. 1995ರಲ್ಲಿ ಶ್ರೀಮಂತರ ಬಂಗಲೆಗಳಲ್ಲಿ ಸಾಲಾಗಿ ಕಳವಾಗುತ್ತದೆ. ಹಿಂದೆ ಕಳ್ಳತನ ಮಾಡಿ, ಈಗ ಮಗಳಿಗಾಗಿ ದುಡಿದು ತಿನ್ನುತ್ತಿರುವ ಒಬ್ಬನನ್ನು ಹಿಡಿಯುತ್ತಾರೆ. ಅದೇ ಹೊತ್ತಿಗೆ ಸೇತುವೆ ಕುಸಿದು ಅವನ ಮಗಳು ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದಾಳೆ. ಮೊದಲು ಬೇರೊಬ್ಬರ ಮಗಳನ್ನು ಹೊರಗೆ ತೆಗೆಯುತ್ತಾರೆ. ಇವಳ ಸರದಿ ಬರುವ ಮುಂಚೆ ಬಸ್ಸು ಹೊತ್ತಿ ಸಿಡಿಯುತ್ತದೆ. ಕೋಳ ತೊಟ್ಟ ತಂದೆ ಅದನ್ನು ನೋಡುತ್ತ ನಿಲ್ಲಬೇಕು. ನಿಜವಾಗಿ ಕದ್ದವನಾದರೋ ಆ ದೊಡ್ಡಮನೆಗಳ ಪೈಕಿಯೇ ಒಬ್ಬನ ಮಗ. ಈ ಸೇತುವೆಯ ಕಥೆ ಪೂರ್ತಿ ಕಲ್ಪನೆಯೂ ಅಲ್ಲ. ಸೋಲ್ ನಗರದ ಸೊಂಗ್ಸು ಸೇತುವೆ 1994ರ ಅಕ್ಟೋಬರ್ 21ರ ಬೆಳಗ್ಗೆ, ಜನ ಕೆಲಸಕ್ಕೂ ಶಾಲೆಗೂ ಹೋಗುವ ಹೊತ್ತಿನಲ್ಲಿ ಕುಸಿಯಿತು. 32 ಜನ ಸತ್ತರು. ಕಟ್ಟಿ ಕೇವಲ 15 ವರ್ಷವಾಗಿತ್ತು. ಕಬ್ಬಿಣದ ಬೆಸುಗೆ ಕಳಪೆ, ಆಮೇಲಿನ ದುರಸ್ತಿ ಅದಕ್ಕಿಂತ ಕಳಪೆ.

1999ರ ಭಾಗದಲ್ಲೂ ಅದೇ. ಹುಡುಗಿಯೊಬ್ಬಳ ಮೇಲೆ ಊರಿನ ಹುಡುಗರು ಗುಂಪಾಗಿ ಅತ್ಯಾಚಾರ ಮಾಡಿದ್ದಾರೆ. ಬಲವಂತರ ಮಕ್ಕಳನ್ನು ಉಳಿಸುವುದಕ್ಕಾಗಿ, ಅವಳಿಗೆ ಸಹಾಯ ಮಾಡಲು ಹೋದ ಬಡಮನೆಯ ಹುಡುಗನನ್ನೇ ಮುಖ್ಯ ಆರೋಪಿ ಮಾಡುತ್ತಾರೆ. ಅವನೇ ಹೇ-ಯಂಗನ ಅಣ್ಣ. ಸಾಕ್ಷಿ ಹೇಳುವವರ ಬಾಯಿಗೆ ಅನ್ನದ ಬೀಗ ಹೇಗೆ ಬೀಳುತ್ತದೆ ಎಂಬುದನ್ನು ಇಲ್ಲಿ ಬಹಳ ಸರಿಯಾಗಿ ತೋರಿಸಿದ್ದಾರೆ.

ಇನ್ನು ದೋಷಗಳು.

ಮೊದಲನೆಯದು ಸಣ್ಣದು. ಕಾಲವನ್ನು ಬದಲಿಸುವ ನಿಯಮ ಲೇಖಕಿಯ ಅನುಕೂಲಕ್ಕೆ ತಕ್ಕಂತೆ ಬಗ್ಗುತ್ತದೆ. ಹಿಂದೆ ಒಬ್ಬಳು ಬದುಕಿಕೊಂಡರೆ ಈಗಿನ ಕಡತದ ಅಕ್ಷರ ಅಳಿಸುತ್ತದೆ, ಗೋಡೆಯ ಪಟ ಬದಲಾಗುತ್ತದೆ. ಆದರೆ ಯಾರ ನೆನಪು ಉಳಿಯಬೇಕು, ಯಾರದು ಅಳಿಯಬೇಕು ಎಂಬುದಕ್ಕೆ ಗಟ್ಟಿಯಾದ ಲೆಕ್ಕವಿಲ್ಲ. ಕೊನೆಯ ಕಂತುಗಳಲ್ಲಿ ಈ ಗಂಟು ಬಿಗಿದು, ಯಾವುದು ನಡೆದದ್ದು, ಯಾವುದು ಅಳಿದದ್ದು ಎಂದು ನೋಡುವವರೇ ಬೆರಳು ಮಡಿಸಬೇಕಾಗುತ್ತದೆ. ಕಥೆಯೂ ಮುಗಿಯುವುದಿಲ್ಲ, ಕವಲುದಾರಿಯಲ್ಲಿ ನಿಲ್ಲುತ್ತದೆ. ಇದೆಲ್ಲದರ ಹಿಂದಿದ್ದ ರಾಜಕಾರಣಿಗೆ ತೀರ್ಪಾಗುವುದನ್ನು ನಾವು ನೋಡುವುದೇ ಇಲ್ಲ.

ಎರಡನೆಯದು ಹೆಣ್ಣುಮಕ್ಕಳ ವಿಚಾರ. ಸೂ-ಹ್ಯುನ್ ಕೆಲಸಕ್ಕೆ ಸೇರಿದಾಗ ಅವಳನ್ನು ‘ಸೊನ್ನೆ ಬಿಂದು ಐದು’, ಎಂದರೆ ಅರ್ಧ ಆಳು, ಎಂದು ಕರೆಯುತ್ತಾರೆ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅರ್ಧ ಎಂಬ ಲೆಕ್ಕ ಕಂಡವರಿಗೆ ಈ ಹೆಸರಿನ ಕಹಿ ಗೊತ್ತು. ಆ ಅರ್ಧ ಆಳು ತಂಡದ ಮುಖ್ಯಸ್ಥೆಯಾಗುವುದು ಸಂತೋಷದ ಮಾತು. ಕಿಮ್ ಹೇ-ಸೂ ಎಂಬ ನಟಿ ಆ ಪಾತ್ರವನ್ನು ಘನವಾಗಿ ನಡೆಸಿದ್ದಾರೆ. ಆದರೆ ಉಳಿದ ಹೆಣ್ಣುಮಕ್ಕಳಲ್ಲಿ ಬಹುಮಂದಿ ಇಲ್ಲಿ ಕೈಕಾಲು ಕಟ್ಟಿಸಿಕೊಂಡು ಸಾಯಲಿಕ್ಕೆಂದೇ ಬರುತ್ತಾರೆ. ಹೊಂಗ್ವೊನ್ ಬಡಾವಣೆಯ ಕೊಲೆಗಳ ಭಾಗದಲ್ಲಿ ಕ್ಯಾಮರ ಕೊಲೆಗಾರನ ಬಾಲ್ಯವನ್ನು ತಾಳ್ಮೆಯಿಂದ ಬಿಡಿಸಿ ತೋರಿಸುತ್ತದೆ; ಅವನು ಕೆಟ್ಟದ್ದು ತಾಯಿಯ ಹಿಂಸೆಯಿಂದ ಎನ್ನುತ್ತದೆ. ಕೊಂದವನು ಗಂಡು, ಸತ್ತವರು ಹೆಂಗಸರು, ಕೊನೆಗೆ ಹೊಣೆ ಹೊರುವವಳೂ ಹೆಂಗಸೇ! ಇದು ಯಾವ ನ್ಯಾಯ?

ಮೂರನೆಯ ದೋಷ ಮುಖ್ಯವಾದದ್ದು. ಇಷ್ಟೊಂದು ಚೂಪಾದ ಪ್ರಶ್ನೆಯನ್ನು ಎತ್ತಿದ ಕಥೆ ಉತ್ತರ ಹೇಳುವಾಗ ಮೆತ್ತಗಾಗುತ್ತದೆ. ಇಲಾಖೆ ಕೆಟ್ಟದ್ದೇಕೆ? ಒಬ್ಬ ನೀಚ ಮೇಲಧಿಕಾರಿಯಿಂದ. ಸರಿಯಾಗುವುದು ಹೇಗೆ? ಒಬ್ಬ ಪ್ರಾಮಾಣಿಕ ಪೋಲೀಸಿನವನಿಂದ ಮತ್ತು ಒಂದು ಮಾಯದ ಪೆಟ್ಟಿಗೆಯಿಂದ. ಬಿಟ್ಟುಕೊಡದಿದ್ದರೆ ಆಶೆ ಇದೆ ಎಂದು ಜೇ-ಹಾನ್ ಹೇಳುತ್ತಾನೆ, ಮಾತು ಒಳ್ಳೆಯದೇ. ಆದರೆ ಬಿಟ್ಟುಕೊಡದೆ ನಿಂತವರು ಯಾರು ಎಂದು ಕೊರಿಯದ ನಿಜವಾದ ಚರಿತ್ರೆಯನ್ನು ನೋಡಿದರೆ, ಅವರು ಈ ಪರದೆಯ ಮೇಲೆ ಇರಬೇಕಾದಷ್ಟು ಇಲ್ಲ.

ಕೊಲೆಯ ವಾಯಿದೆ ಹೋದದ್ದು ಹೇಗೆ ಗೊತ್ತೆ? 1999ರಲ್ಲಿ ಡೇಗು ನಗರದಲ್ಲಿ ಆರು ವರ್ಷದ ಬಾಲಕನ ಮೇಲೆ ಯಾರೋ ಆಸಿಡ್ ಎರಚಿದರು. ಮಗು 49 ದಿನ ನರಳಿ ಸತ್ತಿತು. ತಂದೆತಾಯಿ 15 ವರ್ಷ ಠಾಣೆ, ಕೋರ್ಟು, ಬೀದಿ ಎಂದು ಅಲೆದರು. ವಾಯಿದೆ ತೆಗೆಯಿರೆಂದು ಮೊರೆಯಿಟ್ಟರು. 2015ರ ಜುಲೈ 24ರಂದು ಅಲ್ಲಿನ ರಾಷ್ಟ್ರಸಭೆ ಕಾನೂನನ್ನು ಬದಲಿಸಿತು. ಆ ಮಗುವಿನ ಹೆಸರಿನಿಂದಲೇ ಜನ ಅದನ್ನು ಕರೆಯುತ್ತಾರೆ. ಆದರೆ ಅಷ್ಟರಲ್ಲಿ ಆ ಮಗುವಿನ ಮೊಕದ್ದಮೆಗೇ ವಾಯಿದೆ ತೀರಿತ್ತು. ತಮ್ಮ ಮಗನಿಗೆ ಸಿಗದ ನ್ಯಾಯವನ್ನು ಅವರು ಪರರ ಮಕ್ಕಳಿಗೆ ದೊರಕಿಸಿಕೊಟ್ಟರು. ಧಾರಾವಾಹಿಯಲ್ಲಾದರೋ ಒಂದು ಮೊಕದ್ದಮೆಯ ಗದ್ದಲವೆದ್ದೊಡನೆ ಕಾನೂನು ಬದಲಾಗಿಬಿಡುತ್ತದೆ. ಅಲೆದ ಚಪ್ಪಲಿ ಕಾಣುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮನಸ್ಸನ್ನು ಕಲಕುವಂಥದು. ಧಾರಾವಾಹಿಯ 1989ರ ಸರಣಿ ಕೊಲೆಗಳಿಗೆ ಮೂಲ ಹ್ವಾಸೊಂಗ್ ಪ್ರದೇಶದ ಕೊಲೆಗಳು. 1986ರಿಂದ 1991ರವರೆಗೆ ಅಲ್ಲಿ ಹತ್ತು ಮಂದಿ ಹೆಂಗಸರು ಕೊಲೆಯಾದರು. ಬೊಂಗ್ ಜೂನ್-ಹೋ 2003ರಲ್ಲಿ ತೆಗೆದ ‘ಮೆಮೊರೀಸ್ ಆಫ್ ಮರ್ಡರ್’ ಸಿನಿಮಾಕ್ಕೂ ಅವೇ ಆಧಾರ. ಪೋಲೀಸರು 20,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಕೊಂದವನನ್ನೂ ವಿಚಾರಿಸಿ ಬಿಟ್ಟುಬಿಟ್ಟಿದ್ದರು. 2006ರಲ್ಲಿ ಕೊನೆಯ ಕೊಲೆಗೂ ವಾಯಿದೆ ತೀರಿತು. ‘ಸಿಗ್ನಲ್’ ಬಂದು ಮೂರು ವರ್ಷವಾದ ಮೇಲೆ, 2019ರಲ್ಲಿ, ಕಾಪಿಟ್ಟಿದ್ದ ಹಳೆಯ ವಸ್ತುಗಳ ಡಿಎನ್‌ಎ ಪರೀಕ್ಷೆಯಿಂದ ಆಳು ಗೊತ್ತಾದ. ಅವನು 1994ರ ಬೇರೊಂದು ಕೊಲೆಗಾಗಿ ಆಗಲೇ ಜೀವಾವಧಿ ಶಿಕ್ಷೆಯಲ್ಲಿದ್ದ. ತಾನೇ ಕೊಂದೆನೆಂದು ಒಪ್ಪಿಕೊಂಡ. ಆದರೂ ಹ್ವಾಸೊಂಗ್ ಕೊಲೆಗಳಿಗಾಗಿ ಅವನನ್ನು ಕಟಕಟೆಗೆ ತರುವಂತಿರಲಿಲ್ಲ.

ಅವನು ಒಪ್ಪಿಕೊಂಡ ಕೊಲೆಗಳಲ್ಲಿ ಒಂದಕ್ಕೆ ಬೇರೊಬ್ಬನಿಗೆ ಶಿಕ್ಷೆಯಾಗಿಬಿಟ್ಟಿತ್ತು. ಆ ಇನ್ನೊಬ್ಬ ಯಾರು? ರೈತರ ಯಂತ್ರಗಳನ್ನು ದುರಸ್ತಿ ಮಾಡುವ ಅಂಗಡಿಯ ಆಳು. ಪೋಲಿಯೊದಿಂದ ಕಾಲು ಊನವಾದವನು. ಆಗ 22 ವರ್ಷದವನು. 1989ರಲ್ಲಿ ಅವನನ್ನು ಹಿಡಿದು, ನಿದ್ದೆಗೆಡಿಸಿ, ಹೊಡೆದು, ತಪ್ಪೊಪ್ಪಿಗೆ ಬರೆಸಿಕೊಂಡರು. 20 ವರ್ಷ ಸೆರೆಮನೆಯಲ್ಲಿ ಕಳೆದು 2009ರಲ್ಲಿ ಹೊರಗೆ ಬಂದ. ಮರುವಿಚಾರಣೆಯಾಗಿ 2020ರ ಡಿಸೆಂಬರ್ 17ರಂದು ನಿರಪರಾಧಿ ಎಂದು ತೀರ್ಪಾಯಿತು. ಸೆರೆಗೆ ಹೋದಾಗ ತರುಣ. ತೀರ್ಪು ಕೇಳುವಾಗ ಐವತ್ತು ದಾಟಿದವನು.

2016ರ ಧಾರಾವಾಹಿಗೆ 2019ರ ಸುದ್ದಿ ಗೊತ್ತಿರಲಿಲ್ಲ. ಅದಕ್ಕಾಗಿ ದೂರುವುದು ಸಲ್ಲದು. ಬಡ ಕಳ್ಳನ ಕಥೆಯಲ್ಲಿ, ಅಣ್ಣನ ಕಥೆಯಲ್ಲಿ, ಲೇಖಕಿ ಇಂಥ ಅನ್ಯಾಯವನ್ನು ಮುಂಚೆಯೇ ಕಂಡಿದ್ದರೆಂಬುದೇ ಅವರ ಹೆಚ್ಚುಗಾರಿಕೆ. ಆದರೆ ಆ ಯಂತ್ರ ದುರಸ್ತಿಯವನ ಬೆನ್ನು ಮುರಿದದ್ದು ಒಬ್ಬ ದುಷ್ಟ ಅಧಿಕಾರಿ ಮಾತ್ರವೆ? ಬೇಗ ಯಾರನ್ನಾದರೂ ಹಿಡಿಯಿರೆಂದು ಮೇಲಿಂದ ಒತ್ತಾಯ; ಹೊಡೆದ ಪೋಲೀಸಿನವನು; ತಪ್ಪು ವರದಿ ಕೊಟ್ಟ ಪ್ರಯೋಗಾಲಯ; ಅದನ್ನು ನಂಬಿದ ಮೂರು ಮೆಟ್ಟಿಲ ಕೋರ್ಟು. ಇವರೆಲ್ಲ ತಂತಮ್ಮ ಕುರ್ಚಿಯಲ್ಲಿ ಕುಳಿತು ತಂತಮ್ಮ ಕೆಲಸ ಮಾಡಿದರು, ಒಬ್ಬ ಬಡವನ ಬಾಳು ಹೋಯಿತು. ಒಳ್ಳೆಯವನೊಬ್ಬ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನ ಈ ಯಂತ್ರದ ಮುಂದೆ ಸಾಲದು.

ಒಟ್ಟಿನಲ್ಲಿ ನಾವು ಏನೆನ್ನೋಣ? ‘ಸಿಗ್ನಲ್’ ನೋಡಬೇಕಾದ ಧಾರಾವಾಹಿ. ಪತ್ತೇದಾರಿ ಕಥೆಗಳಲ್ಲಿ ಕೊಂದವನು ಯಾರೆಂದು ತಿಳಿದೊಡನೆ ನಮ್ಮ ಕುತೂಹಲ ತೀರುತ್ತದೆ. ಇಲ್ಲಿ ಕಾದವರು ಯಾರು, ಎಷ್ಟು ವರ್ಷ ಕಾದರು ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ಮಾಯದ ಪೆಟ್ಟಿಗೆಯನ್ನು ಕಥೆಯ ಸೊಗಸಿಗೆ ಬಿಟ್ಟುಬಿಡಿ. ಕೊರಿಯದಲ್ಲಿ ಸತ್ಯವನ್ನು ಹೊರಗೆ ತಂದದ್ದು ಪೆಟ್ಟಿಗೆಗಳಲ್ಲಿ ಕೆಡದಂತೆ ಉಳಿದ ಬಟ್ಟೆಯ ಚೂರು, ಮರುವಿಚಾರಣೆಗೆ ಅರ್ಜಿ ಹಾಕಿದ ಒಬ್ಬ ಕೂಲಿಕಾರ, 15 ವರ್ಷ ಸುಮ್ಮನಿರದ ತಂದೆತಾಯಿ. ಆದ್ದರಿಂದ ಠಾಣೆಗೆ ದೂರು ಕೊಟ್ಟರೆ ಅದರ ನಕಲು ಕೇಳಿ ಇಸಿದುಕೊಳ್ಳಿ, ರಸೀತಿ ಬಿಸಾಡಬೇಡಿ, ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ, ನೆರೆಯವನ ಮೇಲೆ ಸುಳ್ಳು ಹೊರಿಸಿದಾಗ ಸಾಕ್ಷಿ ಹೇಳಲು ನಾಲ್ಕು ಜನ ಒಟ್ಟಿಗೆ ಹೋಗಿ. ಒಬ್ಬನೇ ಹೋದರೆ ಗದರಿಸಿ ಕಳಿಸುತ್ತಾರೆ; ನಾಲ್ಕು ಜನರಿಗೆ ಕೂರಿರೆಂದು ಬೆಂಚು ತೋರಿಸುತ್ತಾರೆ.